ಅಪ್ಪ ಸತ್ತ, ರಾಜ್ಯ ಪಾಲಾಯಿತು: ‘ಕ್ರುಸೇಡರ್ ಕಿಂಗ್ಸ್ 3’ ಕಲಿಯುವವರ ಮೊದಲ ಪೆಟ್ಟು

ಪ್ರಶ್ನೆ: ಮೇಡಂ, ನನಗೆ 36 ವರ್ಷ, ದಾವಣಗೆರೆಯಲ್ಲಿ ಬ್ಯಾಂಕ್ ಕೆಲಸ. ಇತಿಹಾಸ ಅಂದರೆ ಮೊದಲಿಂದ ಇಷ್ಟ. ಅದಕ್ಕೇ ಡಿಸ್ಕೌಂಟಿನಲ್ಲಿ ಸಿಕ್ಕಾಗ ‘ಕ್ರುಸೇಡರ್ ಕಿಂಗ್ಸ್ 3’ ಅನ್ನುವ, ಮಧ್ಯಯುಗದ ರಾಜ್ಯಭಾರದ ಕಂಪ್ಯೂಟರ್ ಗೇಮ್ ತಗೊಂಡೆ. ಟ್ಯುಟೋರಿಯಲ್‌ನಲ್ಲಿ ಐರ್ಲೆಂಡಿನ ಮನ್‌ಸ್ಟರ್ ಕೊಟ್ಟರು. ಮೂರು ವಾರ, ದಿನಾ ರಾತ್ರಿ ಊಟ ಆದ ಮೇಲೆ ಒಂದು ಗಂಟೆ ಆಡಿದೆ. ಪಕ್ಕದ ಲೆನ್‌ಸ್ಟರ್ ಗೆದ್ದು ಅದರ ಪಟ್ಟವನ್ನೂ ಕಟ್ಟಿಕೊಂಡೆ. ಅಷ್ಟರಲ್ಲಿ ನನ್ನ ದೊರೆ ಕಾಯಿಲೆ ಬಿದ್ದು ಸತ್ತ. ಮರುಕ್ಷಣವೇ ಅರ್ಧ ರಾಜ್ಯ ಮಾಯ! ಎರಡನೇ ಮಗ ಲೆನ್‌ಸ್ಟರ್ ಹಿಡಿದುಕೊಂಡು ಬೇರೆಯಾದ. ಮೂರನೆಯವನಿಗೂ ಒಂದು ತುಂಡು ಹೋಯಿತು. ಎರಡು ವರ್ಷದಲ್ಲಿ ಆ ಎರಡನೆಯವನೇ ನನ್ನ ಮೇಲೆ ಯುದ್ಧಕ್ಕೆ ಬಂದ. ನಾನು ಏನು ತಪ್ಪು ಮಾಡಿದೆ? ಈ ಆಟಕ್ಕೆ ನಲವತ್ತು ಗಂಟೆ ವಿಡಿಯೋ ನೋಡಲೇಬೇಕು, ಎಲ್ಲಾ ಡಿಎಲ್‌ಸಿ (ಬೇರೆಯಾಗಿ ದುಡ್ಡು ಕೊಟ್ಟು ಕೊಳ್ಳುವ ಹೆಚ್ಚುವರಿ ಭಾಗಗಳು) ಕೊಳ್ಳಲೇಬೇಕು ಅಂತ ಗೆಳೆಯರು ಹೇಳುತ್ತಾರೆ. ನಾನು ಓದಿದ್ದು ಕನ್ನಡ ಮಾಧ್ಯಮ. ಪರದೆ ಮೇಲೆ ಬರುವ ಆ ಇಂಗ್ಲಿಷ್ ವಿವರದ ಪೆಟ್ಟಿಗೆಗಳನ್ನು ಓದಿ ಓದಿ ತಲೆ ಕೆಡುತ್ತದೆ. ಈ ಸೇವ್ (ಉಳಿಸಿಟ್ಟ ಆಟ) ಅಳಿಸಿ ಮೊದಲಿಂದ ಶುರು ಮಾಡಲಾ, ಇಲ್ಲ ಆಟವನ್ನೇ ಬಿಡಲಾ? ಇನ್ನೊಂದು ಮಾತು: 11 ವರ್ಷದ ಮಗ ಪಕ್ಕದಲ್ಲಿ ಕೂತು ನೋಡುತ್ತಾನೆ, ಪರವಾಗಿಲ್ಲವಾ?

ಉತ್ತರ:

ನಿಮ್ಮ ಪತ್ರ ಓದಿ ನಗು ಬಂತು. ಬೇಜಾರು ಮಾಡಿಕೊಳ್ಳಬೇಡಿ, ನಾನೂ ಅದೇ ಗುಂಡಿಗೆ ಬಿದ್ದು ಎದ್ದವಳು. ಹೊಸ ಆಟಗಾರರು ಒಂದು ಗೇಮಿನಲ್ಲಿ ಎಲ್ಲಿ ಮುಗ್ಗರಿಸುತ್ತಾರೆ ಅಂತ ಹಿಂದೆ ಕೂತು ನೋಡಿ ಬರೆದುಕೊಳ್ಳುವುದೇ ನನ್ನ ಕೆಲಸ. ಇಂಥ ರಾಜ್ಯಭಾರದ ಆಟಗಳಲ್ಲಿ ಜನ ಕೈಚೆಲ್ಲುವುದು ಯುದ್ಧ ಸೋತಾಗ ಅಲ್ಲ. ಎಲ್ಲಾ ಚೆನ್ನಾಗಿ ನಡೆಯುತ್ತಿದೆ ಅಂದುಕೊಂಡಿರುವಾಗ ದೊರೆ ಸಾಯುತ್ತಾನಲ್ಲ, ಆಗ.

ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ ಕೊಡುತ್ತೇನೆ. ಯುದ್ಧದಲ್ಲಿ, ತೆರಿಗೆಯಲ್ಲಿ ನೀವು ತಪ್ಪು ಮಾಡಿಲ್ಲ. ಒಬ್ಬ ರಾಜನನ್ನು ಆಡಿಸುತ್ತಿದ್ದೇನೆ ಅಂದುಕೊಂಡಿರಿ, ಅಷ್ಟೇ. ಈ ಆಟದಲ್ಲಿ ನೀವು ಆಡುವುದು ಒಂದು ಮನೆತನವನ್ನು. ಅಪ್ಪ ಸತ್ತರೆ ಮಗನಾಗುತ್ತೀರಿ, ಮಗ ಸತ್ತರೆ ಮೊಮ್ಮಗ. 1066ರಲ್ಲಿ ಶುರು ಮಾಡಿದರೆ 1453ರವರೆಗೆ ಆಟ ಇದೆ. ಅಂದರೆ ಹತ್ತು ಹದಿನೈದು ತಲೆಮಾರು. ನಿಮ್ಮ ಸೇವ್‌ನಲ್ಲಿ ಸತ್ತದ್ದು ಮೊದಲನೆಯವನು ಮಾತ್ರ.

‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಅಂತ ನಮ್ಮಲ್ಲಿ ಗಾದೆ ಇದೆಯಲ್ವಾ? ಈ ಆಟ ನಿಂತಿರುವುದೇ ಅದರ ಮೇಲೆ. ಪಾಲಿನ ಲೆಕ್ಕ ಒಂದು ಅರ್ಥವಾದರೆ ಅರ್ಧ ಆಟ ಬಂದ ಹಾಗೆ. ಅದಕ್ಕೇ ಅದನ್ನು ನಿಧಾನವಾಗಿ ಬಿಡಿಸುತ್ತೇನೆ, ಮಿಕ್ಕದ್ದನ್ನು ಬೇಗ ಮುಗಿಸುತ್ತೇನೆ.

ಆಟದಲ್ಲಿ ಪಟ್ಟಗಳಿಗೆ ಮೆಟ್ಟಿಲಿದೆ. ಕೆಳಗೆ ಬ್ಯಾರನಿ, ಆಮೇಲೆ ಕೌಂಟಿ, ಡಚಿ, ಕಿಂಗ್‌ಡಂ, ಎಂಪೈರ್. ಹಳ್ಳಿ, ತಾಲ್ಲೂಕು, ಜಿಲ್ಲೆ, ರಾಜ್ಯ, ದೇಶ ಅಂತ ಇಟ್ಟುಕೊಳ್ಳಿ. ಆರಂಭದಲ್ಲಿ ಬಹುತೇಕ ದೊರೆಗಳಿಗೆ ಇರುವುದು ಪಾಲಿನ ಕಾನೂನು. ಇದ್ದ ಗಂಡುಮಕ್ಕಳಿಗೆಲ್ಲ ಹಂಚಲೇಬೇಕು. ದೊಡ್ಡವನಿಗೆ ಮುಖ್ಯ ಪಟ್ಟ ಮತ್ತು ರಾಜಧಾನಿ, ಉಳಿದವರಿಗೆ ಉಳಿದದ್ದು. ಇಲ್ಲಿವರೆಗೆ ಸರಿ.

ಸೂಕ್ಷ್ಮ ಇರುವುದು ಮುಂದೆ. ನಿಮ್ಮ ದೊರೆಯ ಕೈಯಲ್ಲಿ ಮನ್‌ಸ್ಟರ್ ಎಂಬ ಒಂದೇ ಡಚಿ ಇದ್ದಿದ್ದರೆ ಏನಾಗುತ್ತಿತ್ತು? ದೊಡ್ಡ ಮಗನಿಗೆ ಡಚಿ. ತಮ್ಮಂದಿರಿಗೆ ಒಂದೊಂದು ಕೌಂಟಿ. ತಮ್ಮನ ಪಟ್ಟ ಅಣ್ಣನ ಪಟ್ಟಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಹಾಗಾಗಿ ತಮ್ಮ ಅಣ್ಣನ ಸಾಮಂತನಾಗಿ ಉಳಿಯುತ್ತಿದ್ದ. ಗೊಣಗಿಕೊಂಡಾದರೂ ಕಪ್ಪ ಕೊಡುತ್ತಿದ್ದ, ಸೈನ್ಯ ಕಳಿಸುತ್ತಿದ್ದ. ಮನೆಯೊಳಗೆ ಪಾಲಾಗುತ್ತಿತ್ತು, ಮನೆ ಒಡೆಯುತ್ತಿರಲಿಲ್ಲ.

ನೀವು ಖುಷಿಯಲ್ಲಿ ಲೆನ್‌ಸ್ಟರ್ ಪಟ್ಟವನ್ನೂ ಕಟ್ಟಿಕೊಂಡಿರಿ. ಈಗ ಅಪ್ಪನ ಹತ್ತಿರ ಒಂದೇ ಮೆಟ್ಟಿಲಿನ ಎರಡು ಪಟ್ಟ. ಒಂದು ದೊಡ್ಡವನಿಗೆ, ಇನ್ನೊಂದು ಎರಡನೆಯವನಿಗೆ. ಇಬ್ಬರೂ ಸಮಾನರು. ಸಮಾನನಾದವನು ಸಾಮಂತ ಆಗುವುದಿಲ್ಲ. ಬಾಗಿಲು ಹಾಕಿಕೊಂಡು ಬೇರೆ ಒಲೆ ಹೂಡಿದ. ನಿಮ್ಮ ಅರ್ಧ ರಾಜ್ಯ ಮಾಯವಾದದ್ದು ಹೀಗೆ. ನೀವು ಲಾಭ ಅಂದುಕೊಂಡ ಪಟ್ಟವೇ ಮನೆ ಒಡೆಯಿತು.

ಇನ್ನೂ ಒಂದು ಪೇಚಿದೆ. ಆರಂಭದ ಕಾನೂನಿನ ಹೆಸರು ಕಾನ್‌ಫೆಡರೇಟ್ ಪಾರ್ಟಿಷನ್. ಇದರಲ್ಲಿ ನೀವು ಎರಡನೇ ಪಟ್ಟ ಕಟ್ಟದೇ ಇದ್ದರೂ, ಅದಕ್ಕೆ ಸಾಕಾಗುವಷ್ಟು ನೆಲ ನಿಮ್ಮ ಕೈಯಲ್ಲಿದ್ದರೆ ಸತ್ತ ದಿನ ಆಟವೇ ಆ ಪಟ್ಟವನ್ನು ಹುಟ್ಟಿಸಿ ಎರಡನೇ ಮಗನಿಗೆ ಕೊಡುತ್ತದೆ. ಸುಮ್ನೆ ಇದ್ದರೆ ಉಳಿಯುತ್ತದೆ ಅನ್ನುವ ಹಾಗಿಲ್ಲ.

ಇದು ಗೇಮ್ ಮಾಡಿದವರ ಕಿತಾಪತಿ ಅಂತ ಅನ್ನಿಸಬಹುದು. ಅಲ್ಲ. ಯುರೋಪಿನಲ್ಲಿ ಫ್ರಾಂಕರ ದೊಡ್ಡ ಸಾಮ್ರಾಜ್ಯ 843ರ ವೆರ್ಡನ್ ಒಪ್ಪಂದದಲ್ಲಿ ಮೂವರು ಅಣ್ಣತಮ್ಮಂದಿರ ನಡುವೆ ಮೂರು ತುಂಡಾಯಿತು. ಅಷ್ಟು ದೂರ ಯಾಕೆ, ನೀವು ಆಟ ಶುರು ಮಾಡಿದ 1066ರಲ್ಲೇ ನಮ್ಮ ಕಡೆ ನೋಡಿ. ಕಲ್ಯಾಣದ ಚಾಲುಕ್ಯರ ಒಂದನೇ ಸೋಮೇಶ್ವರ ಆಗಿನ್ನೂ ಬದುಕಿದ್ದ. 1068ರಲ್ಲಿ, ವಾಸಿಯಾಗದ ಕಾಯಿಲೆ ಬಂದು, ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ. ಹರಪನಹಳ್ಳಿ ಕಡೆಯ ಕುರುವತ್ತಿ, ನಿಮಗೇನು ದೂರವಲ್ಲ. ಪಟ್ಟ ದೊಡ್ಡ ಮಗ ಎರಡನೇ ಸೋಮೇಶ್ವರನಿಗೆ ಬಂತು. ತಮ್ಮ ವಿಕ್ರಮಾದಿತ್ಯ ಸುಮ್ಮನಿದ್ದನೇ? ಚೋಳ ದೊರೆ ವೀರರಾಜೇಂದ್ರನ ಮಗಳನ್ನು ಮದುವೆಯಾಗಿ, ಮಾವನ ಬಲ ಬೆನ್ನಿಗಿಟ್ಟುಕೊಂಡು ಅಣ್ಣನಿಗೆ ಎದುರು ನಿಂತ. 1076ರಲ್ಲಿ ಅಣ್ಣನನ್ನು ಇಳಿಸಿ ತಾನೇ ಕೂತ, 1126ರವರೆಗೆ ಆಳಿದ. ಆರನೇ ವಿಕ್ರಮಾದಿತ್ಯ ಅಂದರೆ ಅವನೇ. ನಿಮ್ಮ ಲೆನ್‌ಸ್ಟರ್ ತಮ್ಮನಿಗೂ ಅವನಿಗೂ ಏನು ವ್ಯತ್ಯಾಸ ಹೇಳಿ?

ತಮ್ಮ ಯುದ್ಧಕ್ಕೆ ಬಂದದ್ದಕ್ಕೂ ಕಾರಣ ಇದೆ. ದೊರೆ ಸತ್ತರೆ ಅವನ ಪಟ್ಟಗಳ ಮೇಲೆ ಮಕ್ಕಳಿಗೆಲ್ಲ ಹಕ್ಕು ಹುಟ್ಟುತ್ತದೆ. ಆಟ ಇದನ್ನು ಕ್ಲೇಮ್ ಅನ್ನುತ್ತದೆ. ತಮ್ಮನಿಗೆ ಮನ್‌ಸ್ಟರ್ ಮೇಲೆ ಹಕ್ಕಿದೆ, ಆದ್ದರಿಂದ ಯುದ್ಧ ಹೂಡಬಹುದು. ಹೊಸ ದೊರೆಯನ್ನು ಸಾಮಂತರು ಇನ್ನೂ ನಂಬಿರುವುದಿಲ್ಲ. ಅಪ್ಪ ಬೀಗತನದಿಂದ ಕಟ್ಟಿದ ಮೈತ್ರಿ ಮಗನಿಗೆ ತಾನಾಗಿ ಬರುತ್ತದೆ ಅನ್ನುವ ಗ್ಯಾರಂಟಿಯೂ ಇಲ್ಲ. ಪಟ್ಟಕ್ಕೆ ಬಂದ ಮೊದಲ ಎರಡು ಮೂರು ವರ್ಷ ಮನೆ ಬಾಗಿಲು ತೆರೆದಿಟ್ಟ ಹಾಗೆ.

ಹಾಗಾದರೆ ಮಾಡುವುದೇನು? ದಾರಿಗಳಿವೆ, ಒಂದೂ ಪುಕ್ಕಟೆ ಅಲ್ಲ.

ನಾನು ಹೊಸಬರಿಗೆ ಹೇಳುವುದು ಮೇಲಿನ ಮೆಟ್ಟಿಲು ಹತ್ತಿ ಅಂತ. ಎರಡು ಡಚಿ ಕೈಗೆ ಬರುವ ಹೊತ್ತಿಗೆ ಐರ್ಲೆಂಡ್ ಕಿಂಗ್‌ಡಂ ಕಡೆ ಕಣ್ಣಿಡಿ. ಆ ಕಿಂಗ್‌ಡಂಗೆ ಸೇರಿದ ಕೌಂಟಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನಿಮ್ಮದಾಗಿರಬೇಕು, ಕೈಯಲ್ಲಿ ಹಣವೂ ಬೇಕು. ಅಪ್ಪ ರಾಜನಾಗಿ ಸತ್ತರೆ ದೊಡ್ಡವನು ರಾಜ, ತಮ್ಮ ಡ್ಯೂಕ್ (ಡಚಿಯ ಒಡೆಯ) ಆದರೂ ಅವನ ಕೈ ಕೆಳಗೆ. ಅಪಾಯ ಒಂದೇ, ಸಮಯ. ಐವತ್ತೈದು ದಾಟಿದ ದೊರೆಯನ್ನು ಇಟ್ಟುಕೊಂಡು ಈ ಓಟಕ್ಕೆ ಇಳಿದರೆ ಮಧ್ಯದಲ್ಲೇ ಸಾಯುತ್ತಾನೆ, ನಿಮ್ಮದೇ ಕಥೆ ಮರುಕಳಿಸುತ್ತದೆ. ಅಂಥ ದೊರೆ ಇದ್ದರೆ ಎರಡನೇ ಡಚಿ ಗೆಲ್ಲುವುದನ್ನು ಮಗನ ಕಾಲಕ್ಕೆ ಬಿಡಿ.

ಎರಡನೆಯದು, ಬದುಕಿರುವಾಗಲೇ ಪಾಲು ಕೊಟ್ಟುಬಿಡುವುದು. ಊರಲ್ಲಿ ಬುದ್ಧಿವಂತ ಹಿರಿಯರು ಮಾಡುವುದೂ ಇದೇ ಅಲ್ವಾ? ಗೆದ್ದ ನೆಲದಲ್ಲಿ ದೂರದ, ಬಡ ಕೌಂಟಿಯನ್ನು ಎರಡನೇ ಮಗನಿಗೆ ಕೊಡಿ. ಅದು ಅವನ ಪಾಲಿನ ಲೆಕ್ಕಕ್ಕೆ ಸೇರುತ್ತದೆ. ರಾಜಧಾನಿಯ ಸುತ್ತಮುತ್ತಲಿನ, ನೀವು ದುಡ್ಡು ಹಾಕಿ ಬೆಳೆಸಿದ ಕೌಂಟಿಗಳು ದೊಡ್ಡವನಿಗೆ ಉಳಿಯುತ್ತವೆ. ಆದರೆ ನೆಲ ಸಿಕ್ಕ ಮಗನಿಗೆ ಆಗಿನಿಂದಲೇ ಸೈನ್ಯವೂ ಸಿಗುತ್ತದೆ. ಮಹತ್ವಾಕಾಂಕ್ಷೆಯ ಗುಣ ಇದ್ದವನಿಗೆ ಕೊಡುವ ಮುಂಚೆ ಎರಡು ಸಲ ಯೋಚಿಸಿ.

ಮೂರನೆಯದು ಕಹಿ ದಾರಿ. ಮಗನನ್ನು ಸನ್ಯಾಸಕ್ಕೆ ಕಳಿಸಲು ಕೇಳಬಹುದು. ನೀವೇ ವಂಶದ ಮುಖ್ಯಸ್ಥರಾಗಿದ್ದರೆ ವಂಶದ ಕೀರ್ತಿ ಖರ್ಚು ಮಾಡಿ ಅವನ ಹಕ್ಕನ್ನೇ ಕಿತ್ತುಹಾಕಬಹುದು. ಆ ಕೀರ್ತಿ ತಲೆಮಾರುಗಟ್ಟಲೆ ಹನಿ ಹನಿಯಾಗಿ ಕೂಡುವಂಥದ್ದು, ಆರಂಭದಲ್ಲಿ ಖರ್ಚು ಮಾಡಿದರೆ ದುಬಾರಿ. ಕೊಲೆ ಮಾಡಿಸುವ ಬಟನ್ ಕೂಡ ಇದೆ, ನೀವು ನೋಡಿರುತ್ತೀರಿ. ಸಿಕ್ಕಿಬಿದ್ದರೆ ಸ್ವಂತ ರಕ್ತವನ್ನೇ ಕೊಂದವನು ಅನ್ನುವ ಹಣೆಪಟ್ಟಿ ಜೀವನಪೂರ್ತಿ ಅಂಟುತ್ತದೆ. ಹೊಸಬರಿಗೆ ಇದು ಬೇಡ ಅನ್ನುತ್ತೇನೆ. ನೀತಿಯ ಮಾತಲ್ಲ, ಲೆಕ್ಕ ಹಾಕಿದರೆ ನಷ್ಟವೇ ಜಾಸ್ತಿ.

ಚುನಾವಣೆ ಪದ್ಧತಿಯೂ ಇದೆ. ಐರಿಷ್ ಜನರಲ್ಲಿ ಟ್ಯಾನಿಸ್ಟ್ರಿ ಅಂತ ನಿಜವಾಗಿಯೂ ಇತ್ತು, ಮನೆತನದ ಒಳಗಿಂದಲೇ ಒಬ್ಬನನ್ನು ಆರಿಸುವುದು. ಆಟದಲ್ಲೂ ಇದೆ. ಆದರೆ ಸಾಮಂತರು ನಿಮ್ಮ ಮಗನನ್ನು ಬಿಟ್ಟು ಚಿಕ್ಕಪ್ಪನನ್ನು ಆರಿಸಿದರೆ ನೀವು ಚಿಕ್ಕಪ್ಪನಾಗಿ ಆಡಬೇಕು. ಎರಡನೇ ಸೇವ್‌ಗೆ ಇಟ್ಟುಕೊಳ್ಳಿ.

ಎಲ್ಲವೂ ಹಿರಿಮಗನಿಗೇ ಹೋಗುವ ಕಾನೂನು ಯಾವಾಗ ಬರುತ್ತದೆ ಅಂತ ಕೇಳಬೇಡಿ. ಅದಕ್ಕೆ ನಿಮ್ಮ ಸಂಸ್ಕೃತಿ ಮಧ್ಯಯುಗದ ಕೊನೆಯ ಘಟ್ಟ ಮುಟ್ಟಬೇಕು. ಆಟದಲ್ಲಿ ಅದು 1200ರ ಮುಂಚೆ ಇಲ್ಲ. ಅಲ್ಲಿವರೆಗೆ ಪಾಲಿನ ಜೊತೆಗೇ ಸಂಸಾರ.

ನೀವು ಬೈಯುವ ಮೊದಲು ಒಂದು ಮಾತು. ಇದನ್ನೆಲ್ಲ ಆಟ ನಿಮ್ಮಿಂದ ಮುಚ್ಚಿಟ್ಟಿರಲಿಲ್ಲ. ಪರದೆಯ ಮೇಲ್ಭಾಗದಲ್ಲಿ ಸಣ್ಣ ಎಚ್ಚರಿಕೆ ಪಟ್ಟಿ ಬರುತ್ತದಲ್ಲ, ಯಾವ ಪಟ್ಟ ಕೈಬಿಡುತ್ತದೆ ಅಂತ ಅದು ಹೇಳುತ್ತಲೇ ಇತ್ತು. ರಾಜ್ಯದ ಪುಟದಲ್ಲಿ ಉತ್ತರಾಧಿಕಾರದ ಭಾಗ ತೆರೆದರೆ, ದೊರೆ ಇವತ್ತೇ ಸತ್ತರೆ ಯಾವ ಮಗನಿಗೆ ಯಾವ ನೆಲ ಅಂತ ಸಾಲಾಗಿ ಬರೆದಿರುತ್ತದೆ. ನಾನು ಹಿಂದೆ ಕೂತು ನೋಡುವಾಗ ಹತ್ತರಲ್ಲಿ ಒಂಬತ್ತು ಜನ ಆ ಪುಟ ತೆರೆಯುವುದು ಅಪ್ಪ ಸತ್ತ ಮೇಲೆ. ಐದು ವರ್ಷಕ್ಕೊಮ್ಮೆ, ಮಗು ಹುಟ್ಟಿದಾಗ, ಹೊಸ ನೆಲ ಗೆದ್ದಾಗ ಸ್ಪೇಸ್ ಬಟನ್ ಒತ್ತಿ ನಿಲ್ಲಿಸಿ ಅದನ್ನು ನೋಡಿ. ಬೇರೇನೂ ನೆನಪಿಡದಿದ್ದರೂ ಇದೊಂದು ಸಾಕು.

ಇನ್ನು ನಿಮ್ಮ ಗೆಳೆಯರ ಮಾತು. ನಲವತ್ತು ಗಂಟೆ ವಿಡಿಯೋ ಬೇಡ. ಅವು ತಪ್ಪು ಅಂತಲ್ಲ, ಸಾವಿರ ಗಂಟೆ ಆಡಿದವರು ಮಾಡಿದ್ದು. ಅವರ ವೇಗ ನೋಡಿ ನೀವು ದಡ್ಡರು ಅನ್ನಿಸುತ್ತದೆ. ಒಂದು ವಿಷಯ ಸಿಕ್ಕಿಹಾಕಿಕೊಂಡಾಗ ಅದೊಂದನ್ನೇ ಹುಡುಕಿ ಹತ್ತು ನಿಮಿಷ ನೋಡಿ, ಮುಚ್ಚಿ. ಡಿಎಲ್‌ಸಿ ಅಂತೂ ಈಗ ಕೊಳ್ಳಲೇಬೇಡಿ. 2020ರ ಮೂಲ ಆಟದಲ್ಲೇ ಎರಡು ವರ್ಷಕ್ಕೆ ಆಗುವಷ್ಟಿದೆ. ಆಸ್ಥಾನದ್ದು, ಪ್ರವಾಸ ಮತ್ತು ಪಂದ್ಯಗಳದ್ದು ಎಲ್ಲಾ ಚೆನ್ನಾಗಿವೆ. ಆದರೆ ಒಂದೊಂದೂ ಹತ್ತು ಹೊಸ ಬಟನ್ ತರುತ್ತದೆ. ನಿಮ್ಮ ಕಷ್ಟವೇ ಬಟನ್ ಜಾಸ್ತಿಯಾದದ್ದು.

ಇಂಗ್ಲಿಷ್ ವಿಷಯಕ್ಕೆ ಬರೋಣ. ಆಟ ಕನ್ನಡದಲ್ಲಿ ಇಲ್ಲ, ನಿಜ. ಆದರೆ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೂ ಆ ಪೆಟ್ಟಿಗೆಗಳು ಅರ್ಥವಾಗುವುದಿಲ್ಲ, ಹಿಂಜರಿಯಬೇಡಿ. ಅದು ಭಾಷೆಯ ಕಷ್ಟ ಅಲ್ಲ, ಹಳೇ ಯುರೋಪಿನ ಕಂದಾಯ ಇಲಾಖೆಯ ಪರಿಭಾಷೆ. ಬಣ್ಣದಲ್ಲಿರುವ ಪದದ ಮೇಲೆ ಮೌಸ್ ಇಟ್ಟರೆ ವಿವರ ತೆರೆಯುತ್ತದೆ, ಆ ವಿವರದೊಳಗಿನ ಪದದ ಮೇಲೆ ಇಟ್ಟರೆ ಇನ್ನೊಂದು. ಅದರ ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ನಿಮ್ಮದೇ ಮಾತಲ್ಲಿ ಅರ್ಥ ಬರೆದುಕೊಳ್ಳಿ. ನಾನು ಬರೆದುಕೊಂಡದ್ದು ಹೀಗಿತ್ತು. ಡಿ ಜೂರೆ ಅಂದರೆ ಪಹಣಿಯಲ್ಲಿ ನೆಲ ಯಾವ ಹೋಬಳಿಗೆ ಸೇರಿದೆ ಅನ್ನುವುದು, ಉಳುಮೆ ಯಾರು ಮಾಡುತ್ತಿದ್ದಾರೆ ಅನ್ನುವುದು ಬೇರೆ. ಫ್ಯಾಬ್ರಿಕೇಟ್ ಕ್ಲೇಮ್ ಅಂದರೆ ಆಸ್ಥಾನದ ಧರ್ಮಗುರುವನ್ನು ಕಳಿಸಿ ಪಕ್ಕದವನ ಜಮೀನಿಗೆ ಸುಳ್ಳು ಕಾಗದ ಹುಟ್ಟಿಸುವುದು. ಹುಕ್ ಅಂದರೆ ಒಬ್ಬನ ಜುಟ್ಟು ನಮ್ಮ ಕೈಯಲ್ಲಿರುವುದು. ಡೊಮೇನ್ ಲಿಮಿಟ್ ಅಂದರೆ ಸ್ವಂತ ಉಳಬಹುದಾದ ಎಕರೆ, ಅದಕ್ಕಿಂತ ಜಾಸ್ತಿ ಇಟ್ಟುಕೊಂಡರೆ ದಂಡ, ಗೇಣಿಗೆ ಕೊಡುವುದೇ ವಾಸಿ. ಬ್ಯಾಂಕಿನಲ್ಲಿ ಸಾಲದ ಕಡತ ನೋಡುವ ನಿಮಗೆ ಇದು ನನಗಿಂತ ಬೇಗ ಹತ್ತುತ್ತದೆ.

ಕೈ ಚುರುಕಾಗಿರಬೇಕು ಅನ್ನುವುದೂ ಸುಳ್ಳು. ಆಟಕ್ಕೆ ಐದು ವೇಗ ಇದೆ. ಮೊದಲ ತಿಂಗಳು ಮೂರು ದಾಟಬೇಡಿ.

ಯುದ್ಧದ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡೇ ಮಾತು. ಸೈನಿಕರ ಒಟ್ಟು ಸಂಖ್ಯೆ ನೋಡಿ ಮೋಸ ಹೋಗಬೇಡಿ. ರೈತಾಪಿ ಜನರನ್ನು ಹಿಡಿದು ತಂದ ಪಡೆ ಬೇರೆ, ಸಂಬಳ ಕೊಟ್ಟು ಸಾಕಿದ ಪಡೆ ಬೇರೆ. ಸಾಕಿದವರಲ್ಲಿ ಈಟಿಯವರು ಕುದುರೆಯವರನ್ನು ಹೊಡೆಯುತ್ತಾರೆ, ಕುದುರೆಯವರು ಬಿಲ್ಲಿನವರನ್ನು. ಮತ್ತು ಯುದ್ಧ ಹೂಡುವ ಮುಂಚೆ ಎದುರಾಳಿಯ ಮಾವ ಯಾರು ಅಂತ ನೋಡಿ. ವಿಕ್ರಮಾದಿತ್ಯನನ್ನು ನೆನಪಿಟ್ಟುಕೊಳ್ಳಿ.

ನನ್ನದೇ ಕಥೆ ಹೇಳಿಬಿಡುತ್ತೇನೆ. ಟ್ಯುಟೋರಿಯಲ್ ಅರ್ಧಕ್ಕೆ ಬಿಟ್ಟು, ಕನ್ನಡದ ಅಭಿಮಾನದಲ್ಲಿ 867ರ ನಕ್ಷೆ ತೆಗೆದು ನೇರ ರಾಷ್ಟ್ರಕೂಟರನ್ನು ಆರಿಸಿಕೊಂಡೆ. ನಕ್ಷೆಯಲ್ಲಿ ನಮ್ಮ ಊರು ಕಡೆ ನೋಡಿದಾಗ ಆಗುವ ಖುಷಿಯೇ ಬೇರೆ. ಆದರೆ ದೊಡ್ಡ ರಾಜ್ಯ ಅಂದರೆ ದೊಡ್ಡ ಸಾಮಂತರ ಹಿಂಡು. ಬಲವಾದ ಸಾಮಂತರಿಗೆ ಮಂತ್ರಿಮಂಡಲದಲ್ಲಿ ಜಾಗ ಕೊಡದಿದ್ದರೆ ಮುನಿಸು ಅನ್ನುವುದೂ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ತುಂಬುವಷ್ಟರಲ್ಲಿ ಎಲ್ಲಾ ಸೇರಿ ನನ್ನನ್ನು ಕೆಡವಿದರು. ಚಾಲುಕ್ಯರನ್ನೋ ರಾಷ್ಟ್ರಕೂಟರನ್ನೋ ಆಡುವ ಆಸೆ ನಿಮಗೂ ಇರುತ್ತದೆ. ಆಡಿ, ಮನ್‌ಸ್ಟರ್‌ನಲ್ಲಿ ಮೂರು ಸಾವು ದಾಟಿದ ಮೇಲೆ.

ಅದಕ್ಕೇ ಹೇಳುವುದು, ಆ ಸೇವ್ ಅಳಿಸಬೇಡಿ. ಹಿಂದಿನ ಸೇವ್‌ಗೆ ಹೋಗಿ ಅಪ್ಪನನ್ನು ಬದುಕಿಸಿ ಆಡುವುದು ಮೋಸವೇನಲ್ಲ, ಕಲಿಯುವವರು ಮಾಡಬಹುದು. ಐರನ್‌ಮ್ಯಾನ್ ಅನ್ನುವ ಕಟ್ಟುನಿಟ್ಟಿನ ಆಯ್ಕೆ ಹಾಕಿದ್ದರೆ ಮಾತ್ರ ಹಿಂದಕ್ಕೆ ಹೋಗಲು ಬಿಡುವುದಿಲ್ಲ. ಆದರೆ ಈಗ ಇರುವ ಸ್ಥಿತಿಯೇ ನಿಮಗೆ ಒಳ್ಳೆ ಪಾಠ. ಇವತ್ತು ರಾತ್ರಿ ತೆರೆದು ಮೊದಲು ನಿಲ್ಲಿಸಿ. ತಮ್ಮನ ಯುದ್ಧ ಸೋಲುವ ಹಾಗಿದ್ದರೆ ಹೊಸ ದೊರೆಗೆ ಮದುವೆಯಾಗಿದೆಯಾ ನೋಡಿ. ಆಗದಿದ್ದರೆ ಸೈನ್ಯ ಜಾಸ್ತಿ ಇರುವ ದೊರೆಯ ಮಗಳನ್ನು ತಂದು, ಮಾವನನ್ನು ಯುದ್ಧಕ್ಕೆ ಕರೆಯಿರಿ. ಆಗಿದ್ದರೆ ತಂಗಿಯರ ಮದುವೆ ನೋಡಿ. ಅಪ್ಪ ಕೂಡಿಟ್ಟ ಹಣ ನಿಮಗೇ ಬಂದಿರುತ್ತದೆ, ಅದರಲ್ಲಿ ಬಾಡಿಗೆ ಸೈನ್ಯ ಸಿಗುತ್ತದೆ. ಯುದ್ಧ ಮುಗಿದ ಮೇಲೆ ಲೆನ್‌ಸ್ಟರ್ ಪಟ್ಟದ ಪುಟ ತೆರೆದು ಹಕ್ಕುದಾರರ ಪಟ್ಟಿ ನೋಡಿ. ಅಪ್ಪನ ಮಗ ಅಲ್ವಾ, ಅದರಲ್ಲಿ ನಿಮ್ಮ ಹೆಸರೂ ಇರಬೇಕು. ಸುಳ್ಳು ಕಾಗದ ಬೇಕಿಲ್ಲ. ನೀವು ಗೆದ್ದರೆ ಸ್ವಲ್ಪ ಕಾಲ ತಮ್ಮ ಮತ್ತೆ ಯುದ್ಧ ಹೂಡುವ ಹಾಗಿಲ್ಲ. ಅಷ್ಟರಲ್ಲಿ ಮೂರನೇ ತಮ್ಮನ ಜೊತೆ ಚೆನ್ನಾಗಿರಿ. ಅವನ ಕೌಂಟಿಯನ್ನು ಕಾರಣವಿಲ್ಲದೆ ಕಿತ್ತುಕೊಂಡರೆ ದಬ್ಬಾಳಿಕೆ ಅಂತ ಉಳಿದ ಸಾಮಂತರೆಲ್ಲ ತಿರುಗಿ ಬೀಳುತ್ತಾರೆ. ಲೆನ್‌ಸ್ಟರ್ ಮತ್ತೆ ಕೈಗೆ ಬಂದ ದಿನ ಉತ್ತರಾಧಿಕಾರದ ಪುಟ ತೆರೆಯಿರಿ. ಈ ಸಲ ದೊರೆಗೆ ವಯಸ್ಸು ಚಿಕ್ಕದು, ಕಿಂಗ್‌ಡಂಗೆ ಓಡಲು ಸಮಯ ಇದೆ.

ಮಗನ ವಿಷಯ. ನಕ್ಷೆ, ಲಾಂಛನ, ಊರಿನ ಹೆಸರು ತೋರಿಸಿ, ಪರವಾಗಿಲ್ಲ. ಅವನಿಗೆ ಇಷ್ಟವೂ ಆಗುತ್ತದೆ. ಆದರೆ ಆಟ ನಡೆಯುವಾಗ ಬರುವ ಸನ್ನಿವೇಶಗಳಲ್ಲಿ ವಿಷ ಹಾಕುವುದು, ಅಕ್ರಮ ಸಂಬಂಧ, ರಕ್ತಸಂಬಂಧದಲ್ಲೇ ಸಂಬಂಧ, ಚಿತ್ರಹಿಂಸೆ ಎಲ್ಲಾ ಇದೆ. ಹೇಳದೆ ಕೇಳದೆ ಪರದೆ ಮೇಲೆ ಬರುತ್ತವೆ. 11 ವರ್ಷದವನಿಗೆ ಬೇಡ. ನೀವು ಆಡುವುದು ರಾತ್ರಿ ಊಟ ಆದ ಮೇಲೆ ತಾನೆ, ಅವನು ಮಲಗಿದ ಮೇಲೆ ಕೂತರೆ ಆಯಿತು.